ಮೈಲುತುತ್ತ, ಸುಣ್ಣ, ಮಲೆನಾಡಿನ ಮಳೆ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿ ಮೈಸೂರು ಸಂಸ್ಥಾನದ ಮಲೆನಾಡಿಗೆ ಬಂದು ನೂರು ವರ್ಷ ದಾಟಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ತೋಟಗಳಲ್ಲಿ ಮುಂಗಾರಿನ ಹೊತ್ತಿಗೆ ಇದು ಉಳುಮೆ, ನಾಟಿಯಷ್ಟೇ ಖಚಿತವಾದ ಕೆಲಸ. ಭಂಡಿಗಡಿಯಂಥ ಊರುಗಳಲ್ಲಿ ಮೇ ತಿಂಗಳ ಕೊನೆಯಲ್ಲಿ ಇಬ್ಬರು ತೋಟದವರು ಎದುರಾದರೆ ಮೊದಲ ಮಾತು ಒಂದನೇ ಔಷಧಿ ಆಯಿತೇ ಎಂಬುದು. ಇಷ್ಟು ರೂಢಿಯಾಗಿರುವ ಈ ಕೆಲಸದ ಹಿಂದೆ ಒಂದು ಲೋಹದ ಅಯಾನು ತನ್ನ ಸಂಗಾತಿ ಅಣುಗಳನ್ನು ಎಷ್ಟು ಬೇಗ ಬದಲಿಸಿಕೊಳ್ಳುತ್ತದೆ ಎಂಬ ಸೂಕ್ಷ್ಮವಾದ ರಸಾಯನವಿದೆ. ತೋಟದ ಚರಿತ್ರೆ ಬೇರೆ, ಆ ರಸಾಯನದ ಚರಿತ್ರೆ ಬೇರೆ ಎಂದು ಎರಡನ್ನೂ ಬಿಡಿಸಿ ಹೇಳುವುದು ಸಾಧ್ಯವಿಲ್ಲ.

ಕೊಳೆರೋಗ ಮಳೆಯ ರೋಗ. ಪಶ್ಚಿಮಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ಮೀರುವುದು ಸಾಮಾನ್ಯ, ಅಲ್ಲಿಂದ ಪೂರ್ವಕ್ಕೆ ಸರಿದಂತೆ ಶೃಂಗೇರಿ, ಹರಿಹರಪುರ, ಕೊಪ್ಪಗಳಲ್ಲಿ ಅದು ಇಳಿಯುತ್ತ ಬರುತ್ತದೆ. ಹಾಗೆ ಇಳಿದ ಮಳೆಯೂ ರೋಗಕ್ಕೆ ಧಾರಾಳವಾಗಿ ಸಾಕು. ರೋಗ ತರುವ ಜೀವಿಯ ಹೆಸರು ಫೈಟಾಫ್ತೋರಾ. ಅದರ ನಿಂಬೆಯಾಕಾರದ ಚೀಲಗಳಿಂದ ಹೊರಬರುವ ಬೀಜಾಣುಗಳಿಗೆ ಎರಡೆರಡು ಬಾಲಗಳಿದ್ದು, ಎಳೆಗಾಯಿಯ ಮೇಲೆ ನಿಂತ ತೆಳು ನೀರಿನಲ್ಲಿ ಅವು ಈಜುತ್ತವೆ. ತೊಟ್ಟಿನ ಬಳಿ ಕಾಯಿ ಮೊದಲು ಕಡುಹಸಿರಾಗಿ, ನೀರು ಕುಡಿದಂತೆ ಕಾಣುತ್ತದೆ. ಮತ್ತೆ ಕೆಲವೇ ದಿನಗಳಲ್ಲಿ ಕಳಚಿ ಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಜಡಿಮಳೆಯ ನಡುವೆ ಬಿಸಿಲು ಇಣುಕಿ, ಮತ್ತೆ ಮಳೆ ಹಿಡಿಯುವ ಹವೆ ಇದಕ್ಕೆ ತುಂಬ ಅನುಕೂಲ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ ತೋಟದವರ ಕಣ್ಣು ಮರದ ಬುಡದಲ್ಲೇ ಇರುವುದು ಇದೇ ಕಾರಣಕ್ಕೆ.

ಔಷಧಿ ಬರುವ ಮೊದಲು ಮಲೆನಾಡಿನವರು ಕೈಕಟ್ಟಿ ಕೂತಿರಲಿಲ್ಲ. ಅವರದು ಕೊಟ್ಟೆ ಕಟ್ಟುವ ಪದ್ಧತಿ. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮೊದಲೇ ಪ್ರತಿ ಕೊನೆಯ ಮೇಲೂ ಹೊದಿಸಿ ಕಟ್ಟುತ್ತಿದ್ದರು. ನೀರು ಕಾಯಿಯ ಮೇಲೆ ನಿಲ್ಲದಿದ್ದರೆ ರೋಗ ಬಾರದು ಎಂಬ ತಿಳಿವಳಿಕೆ ಇದರಲ್ಲಿದೆ. ಈಜುವ ಬೀಜಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆಯೇ, ಅದಕ್ಕೆ ನೀರು ಸಿಗದಂತೆ ಮಾಡುವ ಉಪಾಯವನ್ನು ಕಂಡುಕೊಂಡದ್ದು ದೊಡ್ಡ ಸಾಧನೆ ಎಂದೇ ಹೇಳಬೇಕು. ತೊಂದರೆ ಇದ್ದದ್ದು ದುಡಿಮೆಯ ಲೆಕ್ಕದಲ್ಲಿ. ಒಂದೊಂದು ಮರದಲ್ಲಿ ಎರಡು, ಮೂರು, ಕೆಲವೊಮ್ಮೆ ಹೆಚ್ಚು ಕೊನೆಗಳಿರುತ್ತವೆ. ಬೇಸಿಗೆಯಿಡೀ ಹಾಳೆ ಕೂಡಿಡಬೇಕು, ಹೊಲಿಯಬೇಕು, ಮರ ಹತ್ತಿ ಕಟ್ಟಬೇಕು, ಗಾಳಿಗೆ ಹಾರಿದ್ದನ್ನು ಮತ್ತೆ ಕಟ್ಟಬೇಕು. ದೊಡ್ಡ ತೋಟಕ್ಕೆ ಇದು ಭಾರವೇ.

ಮೈಲುತುತ್ತದಲ್ಲಿರುವ ತಾಮ್ರದ ಕಥೆ ಫ್ರಾನ್ಸಿನಲ್ಲಿ ಶುರುವಾಗುತ್ತದೆ. ಗೋಧಿಯ ಕಾಡಿಗೆ ರೋಗದ ಬೀಜಾಣುಗಳು ತಾಮ್ರ ಸೋಕಿದ ನೀರಿನಲ್ಲಿ ಮೊಳೆಯುವುದಿಲ್ಲ ಎಂದು ಬೆನೆಡಿಕ್ಟ್ ಪ್ರೆವೋ 1807ರಲ್ಲೇ ಪ್ರಕಟಿಸಿದ್ದ. ಆಗ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯೆರ್ ಮಿಲಾರ್ದೆ ಮೆದೋಕ್ ಪ್ರದೇಶದ ದ್ರಾಕ್ಷಿತೋಟವೊಂದರಲ್ಲಿ ವಿಚಿತ್ರವಾದದ್ದನ್ನು ಕಂಡ. ಸುತ್ತಲ ಬಳ್ಳಿಗಳ ಎಲೆಗಳೆಲ್ಲ ಬೂಜುರೋಗಕ್ಕೆ ಉದುರಿದ್ದರೆ, ರಸ್ತೆಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕದಿಯದಿರಲೆಂದು ಆ ಸಾಲಿಗೆ ತಾಮ್ರದ ಲವಣ ಮತ್ತು ಸುಣ್ಣ ಕಲಸಿ ಎರಚಿದ್ದರು. ಮಿಲಾರ್ದೆ, ರಸಾಯನಜ್ಞ ಉಲಿಸ್ ಗೇಯೋನ್‌ನ ನೆರವಿನಿಂದ ಪ್ರಯೋಗ ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದ. ದ್ರಾಕ್ಷಿಯ ಆ ರೋಗಕಾರಕವೂ ಅಡಿಕೆಯ ಫೈಟಾಫ್ತೋರಾವೂ ಹತ್ತಿರದ ಬಂಧುಗಳು. ಎರಡರ ಬೀಜಾಣುಗಳೂ ಈಜುತ್ತವೆ. ಫ್ರಾನ್ಸಿನ ಮದ್ದು ಮಲೆನಾಡಿಗೆ ಹೊಂದಿದ್ದು ಅದೃಷ್ಟದಿಂದಲ್ಲ, ಈ ಬಂಧುತ್ವದಿಂದ.

ಅದನ್ನು ಇಲ್ಲಿಗೆ ತಂದವನು ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್‌ನಲ್ಲಿ ಓದಿ, 1908ರಲ್ಲಿ ಮೈಸೂರು ಸರ್ಕಾರದ ಕೀಟ ಮತ್ತು ಶಿಲೀಂಧ್ರ ತಜ್ಞನಾಗಿ ಬಂದ ಕೋಲ್ಮನ್‌ನ ಮೊದಲ ದೊಡ್ಡ ಕೆಲಸಗಳಲ್ಲಿ ಅಡಿಕೆಯ ಕೊಳೆರೋಗವೂ ಒಂದು. 1910ರಲ್ಲಿ ಅವನ ವರದಿ ಹೊರಬಂತು. ರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ, ಅದರ ಬದುಕಿನ ಚಕ್ರವನ್ನು ವಿವರಿಸಿ, ಬೋರ್ಡೋ ದ್ರಾವಣದಿಂದ ತಡೆಯುವ ಕ್ರಮವನ್ನು ಅದರಲ್ಲಿ ಕೊಟ್ಟಿದ್ದ. ಆ ಜೀವಿ ಮುಂದೆ 1913ರಲ್ಲಿ ಫೈಟಾಫ್ತೋರಾ ಅರೇಸಿ ಎಂಬ ಹೆಸರು ಪಡೆಯಿತು. ಈಚೆಗೆ ಅಡಿಕೆಯ ಕೊಳೆಗೆ ಫೈಟಾಫ್ತೋರಾ ಮೀಡಿಯೈ ಎಂಬ ಪ್ರಭೇದವನ್ನೂ ಹೆಸರಿಸುತ್ತಾರೆ.

ಕೋಲ್ಮನ್‌ನ ನಿಜವಾದ ಹೆಚ್ಚುಗಾರಿಕೆ ಬೇರೊಂದು ಕಡೆ ಇದೆ. ಫ್ರಾನ್ಸಿನ ದ್ರಾಕ್ಷಿತೋಟದ ತುಂತುರಿಗೂ ಮಲೆನಾಡಿನ ಆರಿದ್ರಾ ಮಳೆಗೂ ಹೋಲಿಕೆಯೇ ಇಲ್ಲ. ಅಡಿಕೆಯ ಹಸಿಗಾಯಿಯ ಸಿಪ್ಪೆ ನುಣುಪು. ಅದರ ಮೇಲೆ ಬಿದ್ದ ದ್ರಾವಣ ಜಾರುತ್ತದೆ. ಅಂಟಿದ್ದೂ ವಾರಗಟ್ಟಲೆ ಸುರಿಯುವ ಮಳೆಗೆ ತೊಳೆದುಹೋಗುವ ಭಯ. ಇದಕ್ಕೆ ರಾಳವನ್ನು ಸೋಡಾದೊಡನೆ ಕುದಿಸಿ ಅಂಟು ತಯಾರಿಸಿ ದ್ರಾವಣಕ್ಕೆ ಸೇರಿಸುವ ಕ್ರಮವನ್ನು ಅವನು ಬಳಕೆಗೆ ತಂದ. ಪುಸ್ತಕದಲ್ಲಿದ್ದ ಮದ್ದು ತೋಟದ ಮದ್ದಾದದ್ದು ಹೀಗೆ. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕನಾದ ಮೇಲೆ ಅವನ ಕೈಗೆ ಇಡೀ ಸಂಸ್ಥಾನದ ವ್ಯವಸ್ಥೆಯೇ ಸಿಕ್ಕಿತು. ಆಗ ಕೊಪ್ಪ ಕಡೂರು ಜಿಲ್ಲೆಯ ತಾಲ್ಲೂಕು. ಇಂದಿನ ನರಸಿಂಹರಾಜಪುರವನ್ನು ಜನ ಎಡೇಹಳ್ಳಿ ಎನ್ನುತ್ತಿದ್ದರು.

ಆದರೆ ವರದಿ ಬರೆದವನೊಬ್ಬನಿಂದ ಈ ಪದ್ಧತಿ ನೆಲೆಗೊಳ್ಳಲಿಲ್ಲ. ಕಾಲಿಗೆ ತಳೆ ಹಾಕಿ ಜಾರುವ ಮರ ಹತ್ತಿ, ತುದಿಯಲ್ಲಿ ಒಂದು ಮರದಿಂದ ಇನ್ನೊಂದನ್ನು ಎಳೆದು ಹಿಡಿದು ದಾಟುತ್ತ, ಪ್ರತಿ ಕೊನೆಗೂ ಎಲ್ಲ ಬದಿಯಿಂದ ದ್ರಾವಣ ತಾಗುವಂತೆ ಹೊಡೆದವರು ಮರ ಹತ್ತುವ ಕೆಲಸಗಾರರು. ಕೆಳಗೆ ಪಂಪು ಒತ್ತುವವರು, ಪೈಪು ಎಳೆಯುವವರು, ದ್ರಾವಣ ಕದಡುವವರು. ಅಡಿಕೆಯ ಇತಿಹಾಸ ಬರೆದವರು ಮಾರುಕಟ್ಟೆಗೆ, ಧಾರಣೆಗೆ ಕೊಟ್ಟಷ್ಟು ಜಾಗವನ್ನು ಇವರಿಗೆ ಕೊಟ್ಟಿಲ್ಲ. ಕೊಡಬೇಕಾಗಿತ್ತು.

ಈಗಲೂ ರೂಢಿಯಲ್ಲಿರುವ ಶೇ 1ರ ದ್ರಾವಣದ ಲೆಕ್ಕ ಸರಳ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಳ್ಳಬೇಕು. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಆಗದು. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕದಡಬೇಕು. ತಯಾರಾದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಕಬ್ಬಿಣ ಕರಗಿ, ಆ ಜಾಗಕ್ಕೆ ತಾಮ್ರ ಬಂದು ಕೂತಿದೆ ಎಂದು ಅದರ ಅರ್ಥ. ಹಾಗೆ ಬಿಡಿಯಾಗಿ ಉಳಿದ ತಾಮ್ರ ಎಳೆಗಾಯಿಯನ್ನೂ ಸುಡುತ್ತದೆ. ಮೊದಲ ಔಷಧಿ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಗಳ ಬಳಿಕ ಹೊಳವು ಸಿಕ್ಕಾಗ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗುತ್ತದೆ.

ಮೈಲುತುತ್ತದ ನೀಲಿ ಹರಳಿನಲ್ಲಿ ತಾಮ್ರದ ಒಂದೊಂದು ಅಯಾನಿಗೂ ಐದು ನೀರಿನ ಅಣುಗಳ ಲೆಕ್ಕವಿದೆ. ನಾಲ್ಕು ಅಣುಗಳು ತಾಮ್ರವನ್ನು ನೇರವಾಗಿ ಹಿಡಿದಿರುತ್ತವೆ, ಐದನೆಯದು ಹೊರಗೆ ನಿಂತಿರುತ್ತದೆ. ಲೋಹದ ಸುತ್ತ ಹೀಗೆ ಕೈಹಿಡಿದು ನಿಲ್ಲುವ ಅಣು ಅಥವಾ ಅಯಾನುಗಳನ್ನು ರಸಾಯನಶಾಸ್ತ್ರದಲ್ಲಿ ಲಿಗ್ಯಾಂಡ್ ಎನ್ನುತ್ತಾರೆ. ಈ ಜೋಡಣೆಯ ಕ್ರಮವನ್ನು 1893ರಲ್ಲಿ ಮೊದಲು ವಿವರಿಸಿದವನು ಆಲ್ಫ್ರೆಡ್ ವೆರ್ನರ್. ಅದಕ್ಕಾಗಿ 1913ರಲ್ಲಿ ನೊಬೆಲ್ ಪಡೆದ. ಮಲೆನಾಡಿನ ಮನೆಯಂಗಳದಲ್ಲೂ ಲಿಗ್ಯಾಂಡುಗಳ ಕೆಲಸ ಕಣ್ಣಿಗೆ ಕಾಣುತ್ತದೆ. ಅಡಿಕೆ ಬೇಯಿಸುವುದು ತಾಮ್ರದ ಹಂಡೆಯಲ್ಲಿ. ಅಡಿಕೆಯ ಚೊಗರಿಗೆ ಕಬ್ಬಿಣ ತಾಗಿದರೆ ಬಣ್ಣ ಕಪ್ಪಿಡುತ್ತದೆ, ಏಕೆಂದರೆ ಚೊಗರಿನ ಟ್ಯಾನಿನ್ ಕಬ್ಬಿಣದ ಅಯಾನನ್ನು ಬಿಗಿಯಾಗಿ ಹಿಡಿದು ಮಸಿಯಂಥ ಸಂಯುಕ್ತವಾಗುತ್ತದೆ.

ಸುಣ್ಣ ಬೆರೆತಾಗ ತಾಮ್ರದ ಸುತ್ತಲಿನ ನೀರಿನ ಜಾಗಕ್ಕೆ ಹೈಡ್ರಾಕ್ಸೈಡ್ ಬರುತ್ತದೆ. ಕರಗಿದ್ದ ತಾಮ್ರ ಆಕಾಶನೀಲಿಯ ಲೋಳೆಯಾಗಿ ಒತ್ತರಿಸಿಕೊಳ್ಳುತ್ತದೆ. ಅದರಲ್ಲಿ ಪ್ರತ್ಯಾಮ್ಲೀಯ ತಾಮ್ರದ ಸಲ್ಫೇಟೂ ಜಿಪ್ಸಮ್ಮೂ ಇರುತ್ತವೆ. ಈ ಲೋಳೆಯ ಕಣಗಳು ಬಹಳ ಸಣ್ಣವು, ಒಣಗುವಾಗ ಕಾಯಿಗೆ ಗಟ್ಟಿಯಾಗಿ ಕಚ್ಚುತ್ತವೆ. ಇಂಗ್ಲೆಂಡಿನ ಸ್ಪೆನ್ಸರ್ ಪಿಕರಿಂಗ್ 1907ರಲ್ಲಿ ಈ ಮಿಶ್ರಣದಲ್ಲಿ ಯಾವ ಯಾವ ಸಂಯುಕ್ತಗಳಿವೆ ಎಂಬುದನ್ನು ವಿವರವಾಗಿ ಶೋಧಿಸಿದ.

ಇಲ್ಲೊಂದು ತೊಡಕು ಎದುರಾಯಿತು. ಲೇಪದಲ್ಲಿರುವ ತಾಮ್ರ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಕರಗದ ತಾಮ್ರ ಬೀಜಾಣುವಿನ ಒಳಗೆ ಹೋಗುವುದಾದರೂ ಹೇಗೆ? ಮಳೆನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೆಚ್ಚುವರಿ ಸುಣ್ಣವನ್ನು ತಿಂದು ತಾಮ್ರವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ ಎಂಬುದು ಒಂದು ಉತ್ತರ. ಅದು ನಿಜ, ಆದರೆ ಪೂರ್ತಿ ಉತ್ತರವಲ್ಲ. ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಕೇಂದ್ರದ ಬಾರ್ಕರ್ ಮತ್ತು ಗಿಮಿಂಗ್‌ಹ್ಯಾಮ್ 1911ರಲ್ಲಿ ಇನ್ನೊಂದನ್ನು ಮುಂದಿಟ್ಟರು: ಬೀಜಾಣುವಿನಿಂದ ಹೊರಬರುವ ರಸವೇ ತಾಮ್ರವನ್ನು ಕರಗಿಸುತ್ತದೆ. 1936ರಲ್ಲಿ ಅಮೆರಿಕದ ಮೆಕ್ಯಾಲನ್ ಮತ್ತು ವಿಲ್ಕಾಕ್ಸನ್ ಬೀಜಾಣುಗಳು ಮ್ಯಾಲಿಕ್ ಆಮ್ಲವನ್ನೂ ಅಮೈನೋ ಆಮ್ಲಗಳನ್ನೂ ಹೊರಹಾಕುತ್ತವೆ, ಅವು ತಾಮ್ರದೊಡನೆ ಕೂಡಿ ಕರಗುವ ಸಂಯುಕ್ತಗಳಾಗುತ್ತವೆ ಎಂದು ತೋರಿಸಿದರು. ಮೊಳೆಯಲು ಹೊರಟ ಬೀಜಾಣು ತನ್ನ ಸಾವನ್ನು ತಾನೇ ಬಿಡಿಸಿಕೊಳ್ಳುತ್ತದೆ. ಒಳಹೊಕ್ಕ ತಾಮ್ರ ಜೀವಕೋಶದ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಕಿಣ್ವಗಳ ಕೆಲಸವನ್ನು ನಿಲ್ಲಿಸುತ್ತದೆ. ಕೋಶಭಿತ್ತಿಯೇ ಇಲ್ಲದ ಈಜುಬೀಜಾಣುವಿಗೆ ಇದನ್ನು ತಡೆಯುವ ರಕ್ಷಣೆ ಇಲ್ಲ.

ಹೈಡ್ರಾಕ್ಸೈಡಿನಿಂದ ಮ್ಯಾಲೇಟಿಗೆ, ಅಲ್ಲಿಂದ ಅಮೈನೋ ಆಮ್ಲಕ್ಕೆ, ಕೊನೆಗೆ ಪ್ರೋಟೀನಿನ ಗಂಧಕಕ್ಕೆ ತಾಮ್ರ ಕೈ ಬದಲಿಸುತ್ತ ಸಾಗುವ ಈ ಹಾದಿಗೆ ಲಿಗ್ಯಾಂಡ್ ವಿನಿಮಯ ಎಂದು ಹೆಸರು. ಇದು ನಡೆಯುವ ವೇಗವನ್ನು ಅಳೆಯುವುದು ದೀರ್ಘಕಾಲ ಆಗದ ಕೆಲಸವಾಗಿತ್ತು. 1952ರಲ್ಲಿ ಹೆನ್ರಿ ಟೌಬೆ ಲೋಹಗಳ ಸಂಯುಕ್ತಗಳನ್ನು ಎರಡು ಬಗೆಯಾಗಿ ನೋಡಬೇಕೆಂದು ತೋರಿಸಿದ: ಲಿಗ್ಯಾಂಡನ್ನು ಬೇಗ ಬದಲಿಸುವವು, ಬದಲಿಸಲು ಒಪ್ಪದವು. ಸಂಯುಕ್ತ ಎಷ್ಟು ಸ್ಥಿರ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಬದಲಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಎರಡನ್ನೂ ಕಲಸಬಾರದು. ಬೋರ್ಡೋ ಲೇಪವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ. ಲೇಪ ಮಳೆಗೆ ಕರಗದಷ್ಟು ಸ್ಥಿರ. ಆದರೂ ತಕ್ಕ ಲಿಗ್ಯಾಂಡ್ ಹತ್ತಿರ ಬಂದ ಕ್ಷಣ ಕೈಬದಲಿಸುವಷ್ಟು ಚುರುಕು. ಟೌಬೆಗೆ 1983ರಲ್ಲಿ ನೊಬೆಲ್ ಬಂತು; ಅತಿವೇಗದ ಕ್ರಿಯೆಗಳನ್ನು ಅಳೆಯುವ ವಿಧಾನ ಕಂಡುಹಿಡಿದ ಮಾನ್‌ಫ್ರೆಡ್ ಐಗೆನ್‌ಗೆ ಅದು 1967ರಲ್ಲೇ ಬಂದಿತ್ತು.

ನೀರಿನಲ್ಲಿ ಕರಗಿದ ತಾಮ್ರದ ಅಯಾನು ತನ್ನ ಸುತ್ತಲಿನ ನೀರಿನ ಅಣುವನ್ನು ಸೆಕೆಂಡಿಗೆ ಸುಮಾರು 440 ಕೋಟಿ ಬಾರಿಯ ದರದಲ್ಲಿ ಬದಲಿಸುತ್ತದೆ. ಲೋಹದ ಅಯಾನುಗಳಲ್ಲಿ ಇದು ಅತ್ಯಂತ ವೇಗದವುಗಳ ಸಾಲಿಗೆ ಸೇರುತ್ತದೆ. ತಾಮ್ರದ ಒಂಬತ್ತು ಡಿ-ಎಲೆಕ್ಟ್ರಾನುಗಳ ಜೋಡಣೆಯಿಂದಾಗಿ ಎರಡು ಬದಿಯ ಬಂಧಗಳು ಉದ್ದವಾಗಿ ಸಡಿಲಗೊಂಡಿರುವುದೇ ಇದಕ್ಕೆ ಕಾರಣ. ಇನ್ನೊಂದು ತುದಿಯಲ್ಲಿ ರೋಡಿಯಮ್ ಇದೆ. ಮೂರು ಧನಾವೇಶದ ರೋಡಿಯಮ್ ಅಯಾನನ್ನು ಸುತ್ತುವರಿದ ಆರು ನೀರಿನ ಅಣುಗಳಲ್ಲಿ ಒಂದು ಅಣು ಕೋಣೆಯ ಉಷ್ಣತೆಯಲ್ಲಿ ತನ್ನ ಜಾಗ ಬಿಡಲು ಸರಾಸರಿ ಸುಮಾರು 14 ವರ್ಷ ಬೇಕು. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಆಂದ್ರೆ ಮೆರ್ಬಾಕ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಅಳತೆ ಇದು.

ಅದೇ ರೋಡಿಯಮ್ಮಿನ ಆರು ನೀರಿನಲ್ಲಿ ಮೂರನ್ನು ತೆಗೆದು, ಆ ಜಾಗದಲ್ಲಿ ಇಂಗಾಲದ ಪಂಚಕೋನ ಉಂಗುರವೊಂದನ್ನು ಕೂಡಿಸಿದರೆ ಚಿತ್ರವೇ ಬದಲಾಗುತ್ತದೆ. ಪೆಂಟಾಮೀಥೈಲ್ ಸೈಕ್ಲೋಪೆಂಟಾಡೈಈನೈಲ್ ಎಂಬ ಆ ಉಂಗುರ ಲೋಹಕ್ಕೆ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ನೀಡಿ, ಎದುರಿನ ನೀರಿನ ಬಂಧಗಳನ್ನು ಸಡಿಲಿಸುತ್ತದೆ. ಉಳಿದ ಮೂರು ನೀರಿನ ವಿನಿಮಯದ ದರ ಸೆಕೆಂಡಿಗೆ ಸುಮಾರು 1,60,000ಕ್ಕೆ ಏರುತ್ತದೆ ಎಂದು 1995ರಲ್ಲಿ ಮೆರ್ಬಾಕ್, ಕೋಲೆ ಮೊದಲಾದವರು ವರದಿ ಮಾಡಿದರು. ಒಂದೇ ಲಿಗ್ಯಾಂಡ್ ಬದಲಾದದ್ದಕ್ಕೆ ವೇಗ ಸುಮಾರು 70 ಲಕ್ಷ ಕೋಟಿ ಪಟ್ಟು ಹೆಚ್ಚಿತು. ರೋಡಿಯಮ್ ಸಂಯುಕ್ತಗಳು ಕಾರ್ಖಾನೆಗಳಲ್ಲಿ ವೇಗವರ್ಧಕಗಳಾಗಿ ದುಡಿಯುವುದು ಇಂಥ ಸಡಿಲಿಕೆಯ ಬಲದಿಂದ. ಜೆಫ್ರಿ ವಿಲ್ಕಿನ್ಸನ್‌ನ ಹೆಸರಿನ, 1960ರ ದಶಕದ ರೋಡಿಯಮ್ ವೇಗವರ್ಧಕವೂ ಒಂದು ಫಾಸ್ಫೀನ್ ಲಿಗ್ಯಾಂಡನ್ನು ಬಿಟ್ಟುಕೊಟ್ಟ ಮೇಲೆಯೇ ಕೆಲಸ ಶುರುಮಾಡುತ್ತದೆ. ತಾಮ್ರಕ್ಕೆ ಇಂಥ ಉಂಗುರದ ಹಂಗಿಲ್ಲ. ಅದು ಹುಟ್ಟಿನಿಂದಲೇ ಚುರುಕು. ಹಾಗಿಲ್ಲದೆ ಬರಿಯ ರೋಡಿಯಮ್ ಅಯಾನಿನಷ್ಟು ಜಡವಾಗಿದ್ದರೆ ಕೊನೆಯ ಮೇಲಿನ ಲೇಪವನ್ನು ದಾಟಿ ಬೀಜಾಣು ನಿರಾತಂಕವಾಗಿ ಈಜಿ ಹೋಗುತ್ತಿತ್ತು.

ಅಡಿಕೆಯಿಂದ ಈ ದ್ರಾವಣ ಕಾಫಿಗೂ ಕಾಳುಮೆಣಸಿಗೂ ಹಬ್ಬಿತು. ಕಾಫಿಯ ಎಲೆರೋಗಗಳ ಅಧ್ಯಯನಕ್ಕೆಂದು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಆರಂಭವಾಗಿ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅದರ ಹಿಂದೆ ಇದ್ದವನೂ ಕೋಲ್ಮನ್ನೇ. ಮುಂದೆ ಕಾಫಿ ಮಂಡಳಿಯ ಕೈಗೆ ಬಂದು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಕಾಫಿಯ ತುಕ್ಕುರೋಗಕ್ಕೆ ಶೇ 0.5ರ ದ್ರಾವಣ ಸಾಕು. ಕಾಫಿಗೂ ಕೊಳೆರೋಗ ಎಂದೇ ಕರೆಯುವ ಕಾಯಿಲೆ ಇದ್ದು ಅದಕ್ಕೆ ಶೇ 1ರದ್ದು ಬೇಕು. ಕಾಫಿಯ ಕೊಳೆರೋಗ ಬೇರೆ ಶಿಲೀಂಧ್ರದಿಂದ ಬರುವಂಥದು, ಅಡಿಕೆಯದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಸೊರಗು ರೋಗ ಮಾತ್ರ ಫೈಟಾಫ್ತೋರಾ ಕುಲದ್ದೇ.

1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂದ ಮೇಲೆ ಬೇರೆ ಮದ್ದುಗಳ ಪರೀಕ್ಷೆಯೂ ನಡೆಯಿತು. ಹಳೆಯ ಕೊಟ್ಟೆ ಪಾಲಿಥೀನ್ ಹೊದಿಕೆಯ ರೂಪದಲ್ಲಿ ಮರಳಿತು. ಮರ ಹತ್ತುವವರು ವಿರಳವಾದಂತೆ, ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಆದರೂ ಬೋರ್ಡೋ ದ್ರಾವಣ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಒಂದೇ ಕಿಣ್ವವನ್ನು ಗುರಿಯಿಡುವ ಮದ್ದುಗಳಿಗೆ ರೋಗಾಣು ಒಗ್ಗಿಕೊಳ್ಳುತ್ತದೆ. ಹತ್ತಾರು ಪ್ರೋಟೀನುಗಳನ್ನು ಒಟ್ಟಿಗೇ ಹಿಡಿಯುವ ತಾಮ್ರಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ತಾಮ್ರಕ್ಕೂ ಮಿತಿಗಳಿವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ಬರಿದು ಮಾಡುತ್ತಿರುವ ಹಳದಿ ಎಲೆ ರೋಗದ ಮುಂದೆ ಅದು ಅಸಹಾಯಕ. ಆ ರೋಗಾಣು ಮರದ ಆಹಾರನಾಳದ ಒಳಗೇ ಬದುಕುವಂಥದು, ಕೊನೆಯ ಮೇಲಿನ ಲೇಪ ಅಲ್ಲಿಗೆ ಮುಟ್ಟುವುದಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಸೋಗೆಗೂ ಔಷಧಿ ಹೊಡೆಯುವುದು ಹೆಚ್ಚಿದೆ. ಹೊಡೆದ ತಾಮ್ರ ಕೊನೆಗೆ ಇಳಿಯುವುದು ಮಣ್ಣಿಗೆ. ತಾಮ್ರದ ಅಯಾನು ತನ್ನ ಸಾಲಿನ ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ಸತು ಅಯಾನುಗಳಿಗಿಂತ ಬಿಗಿಯಾಗಿ ಲಿಗ್ಯಾಂಡುಗಳನ್ನು ಹಿಡಿಯುತ್ತದೆ ಎಂದು ಇರ್ವಿಂಗ್ ಮತ್ತು ವಿಲಿಯಮ್ಸ್ 1948ರಲ್ಲೇ ತೋರಿಸಿದ್ದರು. ಸೊಪ್ಪು, ಗೊಬ್ಬರಗಳಿಂದ ಸಮೃದ್ಧವಾದ ಅಡಿಕೆ ತೋಟದ ಮಣ್ಣಿನಲ್ಲಿ ಅಂಥ ಲಿಗ್ಯಾಂಡುಗಳು ಹೇರಳ. ಹೀಗಾಗಿ ತಾಮ್ರ ತೊಳೆದುಹೋಗದೆ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಹೆಚ್ಚಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು. ಬೋರ್ಡೋ ಹುಟ್ಟಿದ ಫ್ರಾನ್ಸೂ ಸೇರಿದಂತೆ ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆ.ಜಿ. ತಾಮ್ರದ ಮಿತಿ ಹಾಕಿದೆ. ವರ್ಷದ ಸರಾಸರಿ 4 ಕೆ.ಜಿ. ಆಯಿತು, ಶೇ 1ರ ದ್ರಾವಣದ ಲೆಕ್ಕದಲ್ಲಿ ಅದು ಸುಮಾರು 1,570 ಲೀಟರ್.

ಮಲೆನಾಡಿನ ತೋಟಗಳು ಈ ಲೆಕ್ಕವನ್ನು ಇಟ್ಟುಕೊಳ್ಳುವ ಕಾಲ ಬಂದಿದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ತಾಮ್ರವನ್ನೂ ನೋಡಿಸಿಕೊಳ್ಳಬೇಕು. ಮಿಕ್ಕ ದ್ರಾವಣವನ್ನು, ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವುದನ್ನು ನಿಲ್ಲಿಸಬೇಕು. ಈ ಸೀಮೆಯ ಹಳ್ಳಗಳು ಸೇರುವುದು ತುಂಗೆ, ಭದ್ರೆಯರನ್ನೇ, ಮತ್ತು ಕರಗಿದ ತಾಮ್ರ ಬಹಳ ಸಣ್ಣ ಪ್ರಮಾಣದಲ್ಲೂ ಮೀನುಗಳಿಗೆ ವಿಷ.